ಜರ್ನಲ್ ಕ್ಲಬ್‌ನಲ್ಲಿ ಯಾರೂ ಬಾಯಿ ಬಿಡುವುದಿಲ್ಲ, ಏನು ಮಾಡಲಿ?

ಪ್ರಶ್ನೆ: ನಾನು ಬಯೋಕೆಮಿಸ್ಟ್ರಿಯಲ್ಲಿ ಎರಡನೇ ವರ್ಷದ ಪಿಎಚ್‌ಡಿ ಮಾಡುತ್ತಿದ್ದೇನೆ. ನಮ್ಮಲ್ಲಿ ಪ್ರತಿ ಶುಕ್ರವಾರ ಜರ್ನಲ್ ಕ್ಲಬ್, ಅಂದರೆ ಸಂಶೋಧನಾ ಪೇಪರ್ ಓದಿ ಚರ್ಚಿಸುವ ಸಭೆ. ಒಬ್ಬರು ನಲವತ್ತು ಸ್ಲೈಡ್ ತೋರಿಸುತ್ತಾರೆ, ಉಳಿದವರು ಮೊಬೈಲ್ ನೋಡುತ್ತಾರೆ, ಕೊನೆಗೆ ಸರ್ ಒಬ್ಬರೇ ಎರಡು ಪ್ರಶ್ನೆ ಕೇಳುತ್ತಾರೆ, ಎದ್ದು ಹೋಗುತ್ತೇವೆ. ಮುಂದಿನ ತಿಂಗಳಿಂದ ಇದನ್ನು ನಾನೇ ನಡೆಸಬೇಕು. ಕನ್ನಡ ಮಾಧ್ಯಮದಿಂದ ಬಂದ ನಮಗೆ ಇಂಗ್ಲಿಷ್‌ನಲ್ಲಿ ಮಾತಾಡಲು ಹಿಂಜರಿಕೆ ಬೇರೆ.
(ಹೆಸರು ಬೇಡ)

ಉತ್ತರ: ಮೊದಲು ಸ್ಲೈಡ್ ನಿಲ್ಲಿಸಿ. ಒಬ್ಬರೇ ಓದಿ ಬಂದು ಉಳಿದವರಿಗೆ ಹೇಳಿದರೆ ಅದು ಪಾಠ, ಚರ್ಚೆ ಅಲ್ಲ. 1875ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ವೈದ್ಯ ವಿಲಿಯಂ ಆಸ್ಲರ್ ಇಂಥ ಕ್ಲಬ್ ಶುರು ಮಾಡಿದ್ದೇ ದುಬಾರಿ ಪತ್ರಿಕೆಗಳನ್ನು ಎಲ್ಲರೂ ಸೇರಿ ತರಿಸಿ ಓದೋಣ ಅಂತ.

ಮೊದಲ ಶುಕ್ರವಾರಕ್ಕೆ ಹೊಸ ಪೇಪರ್ ಬೇಡ. ಡಿಎನ್‌ಎ ಹೇಗೆ ನಕಲಾಗುತ್ತದೆ ಎಂಬ ಬಗ್ಗೆ ಮೆಸೆಲ್ಸನ್ ಮತ್ತು ಸ್ಟಾಲ್ 1958ರಲ್ಲಿ ಬರೆದ ಪೇಪರ್ ತೆಗೆದುಕೊಳ್ಳಿ. ಅವರು ಇ. ಕೋಲೈ ಬ್ಯಾಕ್ಟೀರಿಯಾವನ್ನು ಭಾರದ ನೈಟ್ರೋಜನ್-15ರಲ್ಲಿ ಬೆಳೆಸಿ, ಆಮೇಲೆ ಮಾಮೂಲಿ ನೈಟ್ರೋಜನ್-14ಕ್ಕೆ ಬದಲಾಯಿಸಿ, ಅದರ ಡಿಎನ್‌ಎಯನ್ನು ಸೀಸಿಯಂ ಕ್ಲೋರೈಡ್ ದ್ರಾವಣದಲ್ಲಿ ಅತಿ ವೇಗವಾಗಿ ತಿರುಗಿಸಿ ಭಾರದ್ದು, ಹಗುರದ್ದು ಬೇರೆ ಮಾಡಿದರು. ನೀವು ಫಲಿತಾಂಶದ ಫಿಗರ್ ಮುಚ್ಚಿಟ್ಟು ಎಲ್ಲರ ಕೈಗೂ ಪೆನ್ಸಿಲ್ ಕೊಡಿ. ಒಂದು ತಲೆಮಾರಿನ ನಂತರ ಬ್ಯಾಂಡ್ (ಒಂದೇ ಭಾರದ ಡಿಎನ್‌ಎ ಸೇರಿ ನಿಲ್ಲುವ ಪಟ್ಟಿ) ಎಷ್ಟು, ಎಲ್ಲಿ ಬರಬೇಕು, ಬರೆಯಿರಿ ಅನ್ನಿ. ಡಿಎನ್‌ಎಯಲ್ಲಿ ಎರಡು ಎಳೆ ಇರುತ್ತವಲ್ಲ, ಹಳೆಯ ಎರಡೆಳೆ ಜೊತೆಯಾಗೇ ಉಳಿದು, ಹೊಸ ಎರಡೆಳೆ ಬೇರೆಯೇ ಆಗುವುದಾದರೆ ಎರಡು ಬ್ಯಾಂಡ್ ಬರಬೇಕು. ಬಂದದ್ದು ಒಂದೇ, ಅದೂ ನಡುವೆ. ಆಗ ಯಾರಾದರೂ, ಹಾಗಾದರೆ ಒಂದೆಳೆ ಹಳೆಯದು ಒಂದೆಳೆ ಹೊಸದು ಅಂತ ಸಾಬೀತಾಯ್ತು ಅನ್ನುತ್ತಾರೆ. ಇನ್ನೂ ಆಗಿಲ್ಲ! ಹಳೆಯದೂ ಹೊಸದೂ ತುಂಡುತುಂಡಾಗಿ ಎರಡೆಳೆಯಲ್ಲೂ ಬೆರೆತಿದ್ದರೂ ಬ್ಯಾಂಡ್ ಅಲ್ಲೇ ಬರುತ್ತಿತ್ತು, ಅಲ್ವಾ? ಎರಡನೇ ತಲೆಮಾರಿನಲ್ಲಿ ನಡುವೆ ಒಂದು, ಪೂರ್ತಿ ಹಗುರದ್ದು ಇನ್ನೊಂದು ಕಂಡ ಮೇಲೆಯೇ ಆ ಅನುಮಾನ ಹೋಗಿದ್ದು. ಇಲ್ಲಿ ಜೋರು ವಾದ ಆಗುತ್ತದೆ. ಆಗಲಿ, ಸಮಯ ನೋಡಬೇಡಿ.

ಆಮೇಲಿನ ವಾರಗಳಲ್ಲಿ ಹೊಸ ಪೇಪರ್ ತನ್ನಿ. ಯಾರಿಗೆ ಯಾವ ಫಿಗರ್ ಅಂತ ಅವತ್ತೇ ಚೀಟಿ ಎತ್ತಿ, ಆಗ ಎಲ್ಲರೂ ಎಲ್ಲವನ್ನೂ ಓದಿಯೇ ಬರಬೇಕಾಗುತ್ತದೆ. ಕಂಟ್ರೋಲ್ (ಹೋಲಿಕೆಗೆಂದು ಇಟ್ಟ ಪ್ರಯೋಗ) ಯಾವುದು, ಫಲಿತಾಂಶ ಉಲ್ಟಾ ಬಂದಿದ್ದರೆ ಲೇಖಕರು ಏನು ಹೇಳಬೇಕಿತ್ತು, ಇವೆರಡನ್ನು ತಪ್ಪದೆ ಕೇಳಿ. ಸರ್ ಹತ್ತಿರ ಮೊದಲೇ ಹೋಗಿ, ನೀವು ಕೊನೆಯಲ್ಲಿ ಮಾತಾಡಿ ಸರ್ ಎಂದು ವಿನಂತಿಸಿ. ಅವರು ಮೊದಲು ಉತ್ತರ ಹೇಳಿಬಿಟ್ಟರೆ ಉಳಿದವರು ಸುಮ್ನೆ ತಲೆಯಾಡಿಸುತ್ತಾರೆ.

ಭಾಷೆಯ ವಿಷಯ. ಕನ್ನಡದಲ್ಲೇ ಕೇಳಿ. ಬ್ಯಾಂಡ್, ಕಂಟ್ರೋಲ್ ಅನ್ನುವ ಪದ ಹಾಗೇ ಇರಲಿ, ಕನ್ನಡ ಬಾರದವರಿಗೆ ಪಕ್ಕದವರು ಹೇಳಲಿ. ನಾಚಿಕೆ ಪಡುವಂಥದ್ದು ಇದರಲ್ಲಿ ಏನೂ ಇಲ್ಲ.

ಮೂರ್ನಾಲ್ಕು ತಿಂಗಳಾದ ಮೇಲೆ ಬಯೋ-ಆರ್ಕೈವ್ (bioRxiv) ಜಾಲತಾಣದಿಂದ ಒಂದು ಪೇಪರ್ ಆರಿಸಿ. 2013ರಿಂದ ಇರುವ ಆ ತಾಣದಲ್ಲಿ, ಇನ್ನೂ ವಿಮರ್ಶಕರ ಕೈ ದಾಟದ ಬರಹಗಳು ಸಿಗುತ್ತವೆ. ನಿಮ್ಮ ಗುಂಪಿಗೆ ತಪ್ಪು ಕಂಡರೆ ಲೇಖಕರಿಗೇ ಬರೆಯಿರಿ. ಏನು ಉತ್ತರ ಬಂತು ಅಂತ ನನಗೂ ತಿಳಿಸಿ.