81 ನಿಮಿಷವೋ, 97 ನಿಮಿಷವೋ?

ಪ್ರಶ್ನೆ: ಒಂದು ಪುಟ್ಟ ಆರ್ಟ್ ಥಿಯೇಟರ್‌ನಲ್ಲಿ 1928ರ ಫ್ರೆಂಚ್ ಮೂಕಿ ಚಿತ್ರ 'ದ ಪ್ಯಾಷನ್ ಆಫ್ ಜೋನ್ ಆಫ್ ಆರ್ಕ್' ತೋರಿಸಬೇಕು ಅಂತಿದ್ದೇವೆ. ಒಂದು ಪ್ರತಿ 81 ನಿಮಿಷ ಇದೆ, ಇನ್ನೊಂದು 97. ಚಿಕ್ಕದರಲ್ಲಿ ಏನಾದರೂ ಕತ್ತರಿಸಿದ್ದಾರಾ? ಯಾವುದನ್ನು ಹಾಕೋಣ? ಸಂಗೀತ ಬೇಕಾ?

ಉತ್ತರ: ಏನನ್ನೂ ಕತ್ತರಿಸಿಲ್ಲ. ಎರಡೂ ಒಂದೇ ಸಿನಿಮಾ, ಓಡುವ ವೇಗ ಮಾತ್ರ ಬೇರೆ. ಸೆಕೆಂಡಿಗೆ 24 ಫ್ರೇಮ್ ಓಡಿಸಿದರೆ 81 ನಿಮಿಷಕ್ಕೆ ಮುಗಿಯುತ್ತದೆ, 20 ಆದರೆ 97. ಮೂಕಿ ಕಾಲದಲ್ಲಿ ಎಲ್ಲ ಕಡೆ ಒಂದೇ ವೇಗ ಅಂತ ಇರಲಿಲ್ಲ, ಅದಕ್ಕೇ ಈ ಗೊಂದಲ. ಬಲ್ಲವರಲ್ಲೂ ಈ ವಾದ ಮುಗಿದಿಲ್ಲ.

ನಾನಂತೂ 20ರದ್ದನ್ನೇ ಹಾಕಿ ಅಂತೀನಿ. ಇದು ಮುಖಗಳ ಸಿನಿಮಾ. ನಿರ್ದೇಶಕ ಡ್ರೇಯರ್ ನಟರಿಗೆ ಮೇಕಪ್ಪೇ ಹಾಕಿಸಲಿಲ್ಲ, ಹಾಗಾಗಿ ಜೋನ್‌ಳ ವಿಚಾರಣೆಗೆ ಕೂತ ಪಾದ್ರಿಗಳ ಸುಕ್ಕು, ಮಚ್ಚೆ, ಜೋನ್ ಪಾತ್ರ ಮಾಡಿದ ನಟಿ ಫಾಲ್ಕೊನೆಟ್ಟಿಯ ಒಡೆದ ತುಟಿ ಎಲ್ಲಾ ತೆರೆ ತುಂಬಾ ಕಾಣುತ್ತದೆ, ಅದನ್ನು ನೋಡೋಕೆ ಕಣ್ಣಿಗೆ ಪುರುಸೊತ್ತು ಬೇಕು. ಕೊನೆಯಲ್ಲಿ ಜೋನ್‌ಳನ್ನು ಸುಡುವ ಕಂಬಕ್ಕೆ ಕಟ್ಟುವಾಗ ಹಗ್ಗ ಕೆಳಗೆ ಬೀಳುತ್ತದೆ. ಅವಳೇ ಬಗ್ಗಿ, ಎತ್ತಿ, ಕಟ್ಟುವವನ ಕೈಗೆ ಕೊಡುತ್ತಾಳೆ. ಅಷ್ಟೇ. ವೇಗ ಜಾಸ್ತಿಯಾದರೆ ಇದು ಗಡಿಬಿಡಿಯಲ್ಲಿ ಮುಗಿದುಹೋಗುತ್ತದೆ, ನಿಧಾನಕ್ಕೆ ಓಡಿದರೆ ಎದೆಗೆ ನಾಟುತ್ತದೆ.

ಇನ್ನು ಸಂಗೀತ. ಇದನ್ನೇ ನುಡಿಸಬೇಕು ಅಂತ ಡ್ರೇಯರ್ ಗೊತ್ತುಮಾಡಿ ಹೋಗಿಲ್ಲ. ರಿಚರ್ಡ್ ಐನ್‌ಹಾರ್ನ್ 1994ರಲ್ಲಿ ಮಾಡಿದ 'ವಾಯ್ಸಸ್ ಆಫ್ ಲೈಟ್' ತುಂಬಾ ಜನಕ್ಕೆ ಇಷ್ಟ, ಚೆನ್ನಾಗಿಯೂ ಇದೆ. ಆದರೆ ಒಮ್ಮೆ ಸಂಗೀತವೇ ಇಲ್ಲದೆ ನೋಡಿದ್ದೆ. ಹತ್ತು ನಿಮಿಷ ಜನ ಕೆಮ್ಮಿದರು, ಕುರ್ಚಿ ಕಿರುಗುಟ್ಟಿತು, ಆಮೇಲೆ ಪಕ್ಕದವರು ಉಸಿರಾಡುವುದೂ ಕೇಳುವಷ್ಟು ನಿಶ್ಶಬ್ದ. ಧೈರ್ಯ ಇದ್ದರೆ ಹಾಗೇ ಹಾಕಿ. ಸುಮ್ನೆ ಸಿಕ್ಕ ಪಿಯಾನೊ ಟ್ರ್ಯಾಕ್ ಮಾತ್ರ ಬೇಡ.

ನಡುನಡುವೆ ಬರುವ ಬರಹಕ್ಕೆ ನಿಮ್ಮ ಪ್ರೇಕ್ಷಕರ ಭಾಷೆಯ ಸಬ್‌ಟೈಟಲ್ ಇರಲೇಬೇಕು. ಕಥೆ ಕಟ್ಟಿದ್ದೇ 1431ರಲ್ಲಿ ನಿಜವಾಗಿ ನಡೆದ ಜೋನ್‌ಳ ವಿಚಾರಣೆಯ ದಾಖಲೆ ಇಟ್ಟುಕೊಂಡು, ಅವಳ ಉತ್ತರ ಓದಲಾಗದಿದ್ದರೆ ಅರ್ಧ ಸಿನಿಮಾ ಕೈಬಿಟ್ಟ ಹಾಗೆ.

ಶುರುವಿಗೆ ಐದು ನಿಮಿಷ ಮಾತಾಡಿ, ಜಾಸ್ತಿ ಬೇಡ. ಮೂಲ ನೆಗೆಟಿವ್ ಅದೇ 1928ರಲ್ಲಿ ಬರ್ಲಿನ್‌ನಲ್ಲಿ ಸುಟ್ಟುಹೋಯಿತು. ಡ್ರೇಯರ್ ಉಳಿದ ತುಣುಕುಗಳಿಂದ ಮತ್ತೆ ಜೋಡಿಸಿದರು, ಅದರ ನೆಗೆಟಿವ್ ಕೂಡ ಬೆಂಕಿಪಾಲಾಯಿತು. ಮೊದಲಿನ ರೂಪದ ಪ್ರತಿ 1981ರಲ್ಲಿ ಸಿಕ್ಕಿದ್ದು ಓಸ್ಲೋದ ಒಂದು ಮಾನಸಿಕ ಆಸ್ಪತ್ರೆಯಲ್ಲಿ! ಡ್ರೇಯರ್ ತೀರಿಕೊಂಡು ಆಗಲೇ 13 ವರ್ಷ. ಇಷ್ಟು ಹೇಳಿ ದೀಪ ಆರಿಸಿ. ಹಗ್ಗದ ವಿಷಯ ಮಾತ್ರ ಮೊದಲೇ ಹೇಳಬೇಡಿ.