ಭಯವೇ ದೇವರನ್ನು ಆರಿಸಲು ಹೊರಟಾಗ

ಕಾಸರಗೋಡಿನ ಒಂದು ಹಳ್ಳಿಯಿಂದ ಆಪ್ತಸಲಹೆಗಾಗಿ ನನ್ನ ಬಳಿಗೆ ಬಂದ ಇವರನ್ನು ‘ಪ’ ಎಂದು ಕರೆಯುತ್ತೇನೆ. ಅವರ ಒಪ್ಪಿಗೆಯಿಂದಲೇ, ಗುರುತು ಹತ್ತುವ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ. ವಯಸ್ಸು ಮೂವತ್ತರ ಆಸುಪಾಸು, ಮನೆಮಾತು ತುಳು, ಓದಿದ್ದು ಕನ್ನಡ ಮಾಧ್ಯಮದಲ್ಲಿ, ದುಡಿದದ್ದು ಗಲ್ಫಿನಲ್ಲಿ. ಸೋದರಮಾವ ತೀರಿಕೊಂಡ ಮೇಲೆ ತರವಾಡು ಮನೆಯ, ಅಂದರೆ ಕುಟುಂಬದ ಮೂಲಮನೆಯ, ದೈವದ ಚಾಕರಿ (ದೀಪ ಇಟ್ಟು ಪೂಜೆ ನಡೆಸುವ ಹೊಣೆ) ಇವರ ಹೆಗಲಿಗೆ ಬಂದಿತ್ತು.

‘ಮೇಡಂ, ನನಗೆ ಯಾವ ದೇವರಲ್ಲಿ ನಂಬಿಕೆ ಇದೆ ಎಂದೇ ತಿಳಿಯುತ್ತಿಲ್ಲ. ಹಾಗಿರುವಾಗ ದೈವಕ್ಕೆ ದೀಪ ಇಟ್ಟರೆ ಸುಳ್ಳು ಹೇಳಿದಂತೆ ಆಗುವುದಿಲ್ಲವೇ?’ ಎಂದು ಮೊದಲ ದಿನವೇ ಕೇಳಿದರು.

ಗಲ್ಫಿನಲ್ಲಿ ಒಂದೇ ಕೋಣೆಯಲ್ಲಿದ್ದ ಬ್ಯಾರಿ (ಕರಾವಳಿಯ ಮುಸ್ಲಿಂ ಸಮುದಾಯದ) ಗೆಳೆಯನ ಜೊತೆ ಇವರು ರಂಜಾನ್ ಉಪವಾಸ ಹಿಡಿದಿದ್ದರು. ಸಹೋದ್ಯೋಗಿಯೊಬ್ಬರ ಜೊತೆ ಚರ್ಚಿಗೂ ಹೋಗಿದ್ದರು. ಎರಡೂ ಕಡೆ ಮನಸ್ಸು ಹಗುರವಾಗಿತ್ತು. ಆದರೆ ಗೆಳೆಯ ಒಂದು ದಿನ, ಪ್ರೀತಿಯಿಂದಲೇ, ಅಲ್ಲಾಹನಿಗೆ ಇನ್ನೊಬ್ಬರನ್ನು ಸಹಭಾಗಿಯಾಗಿಸುವುದು ತಮ್ಮಲ್ಲಿ ಎಲ್ಲಕ್ಕಿಂತ ದೊಡ್ಡ ಪಾಪ ಎಂದ. ಸಹೋದ್ಯೋಗಿ, ಯೇಸುವಿನ ಮೂಲಕವಲ್ಲದೆ ತಂದೆಯ ಬಳಿಗೆ ಹೋಗುವ ದಾರಿ ಇಲ್ಲ ಎಂದರು. ಊರಿಗೆ ಬಂದರೆ, ದೈವದ ಕೆಲಸ ಬಿಟ್ಟರೆ ಸಂಸಾರಕ್ಕೆ ಕೆಡುಕು ಎಂದು ಹಿರಿಯರು ಎಚ್ಚರಿಸಿದರು.

ಇಷ್ಟೇ ಆಗಿದ್ದರೆ ಇದು ಒಂದು ಒಳ್ಳೆಯ ಹುಡುಕಾಟ. ಅವರ ನಿದ್ದೆಯ ಬಗ್ಗೆ ಕೇಳಿದಾಗ ಬೇರೆಯದೇ ಸಂಗತಿ ಹೊರಬಿತ್ತು. ಮಲಗುವ ಮುಂಚೆ ರಾಮನಾಮ, ಗೆಳೆಯನಿಂದ ಬಾಯಿಪಾಠ ಮಾಡಿಕೊಂಡ ಫಾತಿಹಾ (ಕುರಾನಿನ ಮೊದಲ ಅಧ್ಯಾಯ), ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಎಂಬ ಪ್ರಾರ್ಥನೆ, ಮೂರನ್ನೂ ಹೇಳಲೇಬೇಕು. ನಡುವೆ ಒಂದಕ್ಷರ ತಪ್ಪಿದರೆ, ಮನಸ್ಸು ಬೇರೆಡೆ ಹರಿದರೆ, ಮತ್ತೆ ಮೊದಲಿನಿಂದ. ಹೇಳದಿದ್ದರೆ ಅಮ್ಮನಿಗೆ ಏನಾದರೂ ಆಗಿಬಿಡುತ್ತದೆ ಎಂಬ ದಿಗಿಲು. ಎಷ್ಟೋ ರಾತ್ರಿ ಬೆಳಗಿನ ಜಾವದವರೆಗೂ ಇದೇ. ತಾಯಿಗೆ ಇದರ ಅರಿವಿಲ್ಲ. ಮಗ ಸೊರಗುತ್ತಿದ್ದಾನೆಂದು ಜೋಯಿಸರಲ್ಲಿ ಪ್ರಶ್ನೆ ಇಡಿಸಲು, ಅಂದರೆ ಕಾರಣವೇನೆಂದು ಜ್ಯೋತಿಷ್ಯ ಕೇಳಿಸಲು, ಓಡಾಡುತ್ತಿದ್ದರು.

ಇದು ಭಕ್ತಿಯ ಹೆಚ್ಚಳವಲ್ಲ, ಧರ್ಮದ ಬಣ್ಣ ತೊಟ್ಟ ಗೀಳು ಕಾಯಿಲೆಯ ಲಕ್ಷಣ. ಎಲ್ಲ ಧರ್ಮದವರಲ್ಲೂ ಇದು ಕಾಣಿಸುತ್ತದೆ. ಬೇಡದ ಯೋಚನೆಯೊಂದು ನುಗ್ಗುತ್ತದೆ, ದಿಗಿಲು ಹುಟ್ಟುತ್ತದೆ, ಅದನ್ನು ಅಡಗಿಸಲು ಪ್ರಾರ್ಥನೆ. ಕ್ಷಣಕಾಲ ಸಮಾಧಾನ ಸಿಗುತ್ತದೆ, ಆ ಸಮಾಧಾನವೇ ಮುಂದಿನ ಸಲದ ದಿಗಿಲಿಗೆ ಬಲ ಕೊಡುತ್ತದೆ. ಜೋಯಿಸರನ್ನೋ ಉಸ್ತಾದರನ್ನೋ ಪಾದ್ರಿಗಳನ್ನೋ ‘ತಪ್ಪಾಯಿತೇ’ ಎಂದು ಮತ್ತೆ ಮತ್ತೆ ಕೇಳುವುದೂ ಅದೇ ಸುತ್ತಿನ ಭಾಗ.

ನಾನು ಹೇಳಿದ್ದು ಇಷ್ಟು: ‘ನಿಮ್ಮೊಳಗೆ ಎರಡು ಸಂಗತಿಗಳಿವೆ. ಒಂದು ಹುಡುಕಾಟ, ಅದನ್ನು ನಾನು ಗೌರವಿಸುತ್ತೇನೆ. ಇನ್ನೊಂದು ಭಯ, ಅದಕ್ಕೆ ಚಿಕಿತ್ಸೆ ಇದೆ. ಭಯ ಇಳಿಯುವವರೆಗೆ ಯಾವ ದೇವರೆಂದು ತೀರ್ಮಾನಿಸಬೇಡಿ.’ ಅವರನ್ನು ಮನೋವೈದ್ಯರ ಬಳಿಗೆ ಕಳುಹಿಸಿದೆ. ಮಾತ್ರೆ ಶುರುವಾಯಿತು. ನಮ್ಮ ಅಭ್ಯಾಸವೂ ಜೊತೆಗೆ ನಡೆಯಿತು: ರಾತ್ರಿ ಒಂದೇ ಪ್ರಾರ್ಥನೆ, ಒಂದೇ ಸಲ. ತಪ್ಪಿದರೆ ತಪ್ಪಿದಂತೆಯೇ ಬಿಟ್ಟು ದೀಪ ಆರಿಸಬೇಕು. ಎದೆ ಹೊಡೆದುಕೊಳ್ಳುತ್ತದೆ, ಹೊಡೆದುಕೊಳ್ಳಲಿ. ಏನೂ ಮಾಡದೆ ಕುಳಿತರೆ ದಿಗಿಲು ಏರಿ ತಾನಾಗಿಯೇ ಇಳಿಯುತ್ತದೆ. ಮೊದಲ ವಾರಗಳು ಅವರಿಗೆ ಬಹಳ ಕಷ್ಟವಾದವು. ಅವರ ಅಪ್ಪಣೆ ಪಡೆದು ತಾಯಿಯನ್ನೂ ಕರೆಸಿ ಮಾತನಾಡಿದೆ. ಪ್ರಶ್ನೆ ಇಡಿಸುವುದನ್ನು ಆ ತಾಯಿ ಮುಂದಕ್ಕೆ ಹಾಕಿದರು.

ರಾತ್ರಿಗಳು ಹದಕ್ಕೆ ಬಂದ ಮೇಲೆಯೇ ದೇವರ ಮಾತಿಗೆ ಕುಳಿತದ್ದು. ಎಲ್ಲ ಧರ್ಮವೂ ಒಂದೇ ಎಂದು ಹೇಳಿಬಿಡುವುದು ನನಗೆ ಸುಲಭವಿತ್ತು. ಹೇಳಲಿಲ್ಲ. ಅವರ ಗೆಳೆಯ ಹೇಳಿದ್ದು ಅವನ ಧರ್ಮದ ನಡುಗಂಬ, ಸಹೋದ್ಯೋಗಿಯ ಮಾತೂ ಹಾಗೆಯೇ. ಅವನ್ನು ಕರಗಿಸಿ ಒಂದು ಮಾಡಿದರೆ ಇಬ್ಬರಿಗೂ ಅಗೌರವ. ಬದಲಿಗೆ ಊರಲ್ಲಿ ನೋಡಿದ್ದನ್ನು ನೆನಪಿಸಿಕೊಳ್ಳಲು ಹೇಳಿದೆ. ಅವರೇ ಮಂಜೇಶ್ವರದ ‘ಉದ್ಯಾವರ ಮಾಡ’ ಎಂಬ ದೈವಸ್ಥಾನದ ಮಾತೆತ್ತಿದರು. ಅಲ್ಲಿನ ಜಾತ್ರೆಗೆ ಮುಂಚೆ ದೈವಸ್ಥಾನದವರು ಸಾವಿರ ಜಮಾಅತ್ ಮಸೀದಿಗೆ ಹೋಗಿ ಕರೆ ಹೇಳಿ ಬರುತ್ತಾರೆ. ಮಸೀದಿಯವರು ಆ ಕರೆಯನ್ನು ಗೌರವದಿಂದ ಸ್ವೀಕರಿಸುತ್ತಾರೆ, ನಮಾಜು ಬಿಡುವುದಿಲ್ಲ. ದೈವಸ್ಥಾನದವರೂ ತಮ್ಮ ಕಟ್ಟುಕಟ್ಟಳೆ ಬಿಡುವುದಿಲ್ಲ. ‘ಹಾಗಾದರೆ ನಾನು ಚರ್ಚಿಗೆ ಅತಿಥಿಯಾಗಿ ಹೋಗಬಹುದಿತ್ತು, ಪರೀಕ್ಷೆ ಬರೆಯುವವನ ಹಾಗೆ ಹೋದೆ’ ಎಂದರು.

ಕಾಞಂಗಾಡಿನ ಆನಂದಾಶ್ರಮದ ಸ್ವಾಮಿ ರಾಮದಾಸರ ಬಗ್ಗೆಯೂ ಮಾತನಾಡಿದೆವು. 1884ರಲ್ಲಿ ಕಾಸರಗೋಡು ಜಿಲ್ಲೆಯ ಹೊಸದುರ್ಗದಲ್ಲಿ ಹುಟ್ಟಿದ ವಿಠಲರಾಯರು (ರಾಮದಾಸರ ಮೊದಲ ಹೆಸರು) ತಂದೆಯಿಂದ ರಾಮಮಂತ್ರ ಪಡೆದು 1922ರಲ್ಲಿ ಸಂಸಾರ ಬಿಟ್ಟು ಹೊರಟಾಗ ಜೊತೆಗಿದ್ದ ಪುಸ್ತಕಗಳಲ್ಲಿ ಗೀತೆಯೂ ಇತ್ತು, ಬೈಬಲಿನ ಹೊಸ ಒಡಂಬಡಿಕೆಯೂ ಇತ್ತು. ಯೇಸುವಿನ ಮಾತು ಅವರಿಗೆ ಬೇಕಾಗಿತ್ತು, ರಾಮನಾಮ ಮಾತ್ರ ಕೊನೆಯವರೆಗೂ ಬದಲಾಗಲಿಲ್ಲ. ದೇವರ ಅರಿವು ಎಲ್ಲವನ್ನೂ ಪಕ್ಕಪಕ್ಕ ಇಟ್ಟು ತೂಗುವುದರಿಂದ ಬರುವುದಿಲ್ಲ, ಒಂದು ಕಡೆ ಬಹುಕಾಲ ನಿಲ್ಲುವುದರಿಂದ ಬರುತ್ತದೆ ಎಂದು ನಾನು ನಂಬುತ್ತೇನೆ. ಇದು ನನ್ನ ಅಭಿಪ್ರಾಯ, ಒಪ್ಪಲೇಬೇಕಿಲ್ಲ ಎಂದೂ ಹೇಳಿದೆ. ಎಲ್ಲಿ ನಿಲ್ಲಬೇಕೆಂದು ಸೂಚಿಸುವುದು ಆಪ್ತಸಲಹೆಗಾರರ ಕೆಲಸವೇ ಅಲ್ಲ.

ಚಾಕರಿಯ ವಿಷಯದಲ್ಲಿ ನನ್ನ ಸಲಹೆ ಸರಳವಾಗಿತ್ತು. ದೀಪ ಇಡುವುದು ಪ್ರಮಾಣವಚನವಲ್ಲ. ಮಾವನ ಮೇಲಿನ ಪ್ರೀತಿಗಾಗಿ, ಮನೆಯ ಕ್ರಮಕ್ಕಾಗಿ ಇಟ್ಟರೂ ಅದು ಪ್ರಾಮಾಣಿಕವೇ. ಕೆಡುಕಾದೀತೆಂಬ ಹೆದರಿಕೆಯೊಂದೇ ಕಾರಣವಾಗಿದ್ದರೆ ಮಾತ್ರ ಹಿರಿಯರ ಬಳಿ ಬಾಯಿಬಿಟ್ಟು ಹೇಳಿ, ಒಂದು ವರ್ಷದ ಬಿಡುವು ಕೇಳಿ.

ಅವರು ಬಿಡುವನ್ನೇ ಕೇಳಿದರು. ಈ ಸಲದ ತಂಬಿಲವನ್ನು (ದೈವದ ಪೂಜೆಯನ್ನು) ದೊಡ್ಡಮ್ಮನ ಮಗ ನಡೆಸಿದರು, ಇವರು ಜೊತೆಗೆ ನಿಂತರು. ಗಲ್ಫಿನ ಗೆಳೆಯನಿಗೆ ಫೋನ್ ಮಾಡಿ ತಮ್ಮ ಗೊಂದಲವನ್ನೆಲ್ಲ ಹೇಳಿದ್ದಾರೆ. ಅವನು ವಾದಿಸಲಿಲ್ಲವಂತೆ, ಅಮ್ಮನ ಆರೋಗ್ಯ ಕೇಳಿದನಂತೆ. ದೇವರು ಎಂದರೆ ಏನೆಂದು ಅವರಿನ್ನೂ ನಿರ್ಧರಿಸಿಲ್ಲ. ರಾತ್ರಿ ರಾಮನಾಮ ಒಂದು ಸಲ ಹೇಳಿ ಮಲಗುತ್ತಾರೆ. ಮಾತ್ರೆ ನಿಲ್ಲಿಸುವುದು ವೈದ್ಯರು ಹೇಳಿದಾಗ ಮಾತ್ರ, ಪ್ರಾರ್ಥನೆ ಮತ್ತೆ ಮೊದಲಿನಿಂದ ಶುರುವಾಗುವುದು ಕಂಡರೆ ತಡಮಾಡದೆ ಬರಬೇಕು ಎಂದು ತಿಳಿಸಿದ್ದೇನೆ.