ಸೊಂಟನೋವಿಗೆ ಬೆಲ್ಟ್ ಬೇಡ, ಬಗ್ಗೋದನ್ನ ಕಲಿಯಿರಿ

ವಯಸ್ಸು 24, ಐದು ತಿಂಗಳಿಂದ ಸೊಂಟನೋವು, ಎಕ್ಸ್‌ರೇ ನಾರ್ಮಲ್, ಸೊಂಟಕ್ಕೆ ಬೆಲ್ಟ್ ಕಟ್ಟಿಕೊಂಡೇ ಬೆಳೆಗೆ ಔಷಧಿ ಹೊಡೀತಿದ್ದೀನಿ ಅಂತ ಬರೆದಿದ್ದೀರಿ. ಒಂದು ತಿಂಗಳು ಮಲಗಿಬಿಡಿ ಅಂತ ಕೆಲವರು ಹೇಳಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮಲಗಿದಷ್ಟೂ ಬೆನ್ನಿನ ಶಕ್ತಿ ಇಳಿಯುತ್ತೆ.

ಮೊದಲು ಒಂದು ವಿಷಯ ಗಮನಿಸಿ. ಬೆಳಿಗ್ಗೆ ಎದ್ದಾಗ ಅರ್ಧ ಗಂಟೆಗಿಂತ ಜಾಸ್ತಿ ಹೊತ್ತು ಸೊಂಟ ಬಿಗಿದಿರುತ್ತಾ? ಓಡಾಡಿದರೆ ಹಗುರ, ಸುಮ್ನೆ ಕೂತರೆ ಜಾಸ್ತಿ ಅನ್ಸುತ್ತಾ? ರಾತ್ರಿ ನೋವಿಗೆ ಎಚ್ಚರ ಆಗುತ್ತಾ? ಹೌದು ಅಂದ್ರೆ ರುಮಟಾಲಜಿ (ಕೀಲುವಾತದ) ಡಾಕ್ಟರನ್ನು ನೋಡಿ. ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್, ಅಂದ್ರೆ ಬೆನ್ನುಮೂಳೆಯ ಕೀಲುಗಳಲ್ಲಿ ಉರಿಯೂತ ತರುವ ಕಾಯಿಲೆ, ಸಾಮಾನ್ಯವಾಗಿ ಶುರುವಾಗೋದು ನಿಮ್ಮ ವಯಸ್ಸಿನಲ್ಲೇ, ಮೊದಮೊದಲು ಎಕ್ಸ್‌ರೇನಲ್ಲಿ ಏನೂ ಕಾಣದೇ ಇರಬಹುದು. ಕಾಲಿನ ಬಲ ಕಡಿಮೆಯಾದರೆ, ತೊಡೆ ಸಂದಿ ಮರಗಟ್ಟಿದರೆ, ಮೂತ್ರ ಹಿಡಿತ ತಪ್ಪಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಇದ್ಯಾವುದೂ ಇಲ್ಲ ಅಂದ್ರೆ ವ್ಯಾಯಾಮ ಶುರು ಮಾಡಿ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಕೊಟ್ಟ ಸಲಹೆಯೂ ಇದೇ: ಮೂರು ತಿಂಗಳು ದಾಟಿದ ಸೊಂಟನೋವಿಗೆ ವ್ಯಾಯಾಮ ಮಾಡಿಸಿ, ಬೆಲ್ಟ್ ಮತ್ತು ಟ್ರ್ಯಾಕ್ಷನ್ (ಸೊಂಟ ಎಳೆಯುವ ಚಿಕಿತ್ಸೆ) ರೂಢಿಯಾಗಿ ಕೊಡಬೇಡಿ.

ನಿಮ್ಮ ವಿಷಯದಲ್ಲಿ ನನಗೆ ಮುಖ್ಯ ಅನ್ನಿಸೋದು ಬಗ್ಗುವ ರೀತಿ. ಔಷಧಿ ಹೊಡೆಯುವ 16 ಲೀಟರ್ ಟ್ಯಾಂಕ್ ಅಂದ್ರೆ ನೀರೇ 16 ಕೆಜಿ, ಅದನ್ನು ನೆಲದಿಂದ ಎತ್ತಿ ಹೆಗಲಿಗೆ ಹಾಕ್ತೀರಿ. ಗುದ್ದಲಿ ಕಾವು ಒಂದನ್ನು ಬೆನ್ನಿಗೆ ಉದ್ದಕ್ಕೆ ಹಿಡಿಯಿರಿ. ತಲೆಯ ಹಿಂಭಾಗ, ಬೆನ್ನಿನ ಮೇಲ್ಭಾಗ, ಬಾಲಮೂಳೆ, ಮೂರೂ ಕಡೆ ಕಾವು ತಾಗಿರಲಿ. ಮಂಡಿ ಸ್ವಲ್ಪ ಮಡಿಸಿ, ಅಂಡನ್ನು ಹಿಂದಕ್ಕೆ ತಳ್ಳುತ್ತಾ ಬಗ್ಗಿ. ಎಲ್ಲಾದರೂ ಕಾವು ಬಿಟ್ಟುಹೋದರೆ ಸೊಂಟ ಮಡಚಿತು ಅಂತ ಅರ್ಥ. ಇದು ಸರಿಯಾಗಿ ಬಂದಮೇಲೆ ಖಾಲಿ ಟ್ಯಾಂಕ್ ಎತ್ತಿ ನೋಡಿ. ತುಂಬಿದ್ದನ್ನು ನೆಲದಿಂದ ಎತ್ತೋದೇ ಬೇಡ, ಜಗಲಿ ಮೇಲಿಟ್ಟು ಹೆಗಲಿಗೆ ಹಾಕಿಕೊಳ್ಳಿ.

ಇನ್ನು ಚಾಪೆ ಮೇಲಿನ ವ್ಯಾಯಾಮ. ಕೆನಡಾದ ಬೆನ್ನು ತಜ್ಞ ಸ್ಟುವರ್ಟ್ ಮೆಕ್‌ಗಿಲ್ ಹೇಳಿಕೊಡುವ ಮೂರು ಸಾಕು: ಕರ್ಲ್ ಅಪ್ (ಅಂಗಾತ ಮಲಗಿ ತಲೆ, ಹೆಗಲು ಸ್ವಲ್ಪ ಎತ್ತೋದು), ಸೈಡ್ ಪ್ಲ್ಯಾಂಕ್ (ಒಂದು ಬದಿಗೆ ಮಲಗಿ, ಮೊಣಕೈ ಊರಿ ಸೊಂಟ ಎತ್ತಿ ಹಿಡಿಯೋದು), ಬರ್ಡ್ ಡಾಗ್. ಬರ್ಡ್ ಡಾಗ್‌ನಲ್ಲಿ ಕೈ, ಮಂಡಿ ಊರಿ, ಬಲಗೈ ಮುಂದಕ್ಕೆ, ಎಡಗಾಲು ಹಿಂದಕ್ಕೆ ಚಾಚಬೇಕು. ಸೊಂಟದ ಮೇಲೆ ತಟ್ಟೆ ಇಟ್ಟರೂ ಅಲುಗಬಾರದು. 10 ಸೆಕೆಂಡ್ ಹಿಡಿದು ಬದಿ ಬದಲಿಸಿ. ಸೈಡ್ ಪ್ಲ್ಯಾಂಕ್ ಕಷ್ಟ ಆದರೆ ಮಂಡಿ ಊರಿಯೇ ಮಾಡಿ. ಉಸಿರು ಮಾತ್ರ ಕಟ್ಟಬೇಡಿ. ಸ್ನಾಯು ಸ್ವಲ್ಪ ನೋಯೋದು ಸಹಜ. ನೋವು ಕಾಲಿಗೆ ಇಳಿದರೆ ನಿಲ್ಲಿಸಿ, ಫಿಸಿಯೋ ಹತ್ತಿರ ಹೋಗಿ.

"ನೆಟ್ಟಗೆ ಕೂತ್ಕೋ" ಅನ್ನೋ ಮಾತಿಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ನೆಟ್ಟಗೆ ಕೂತರೂ ಎರಡು ಗಂಟೆ ಹಾಗೇ ಇದ್ದರೆ ನೋಯುತ್ತೆ, ಅಲ್ವಾ? ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಿ.

ಒಂದೆರಡು ವಾರದಲ್ಲಿ ಪವಾಡ ಆಗಲ್ಲ, ಎರಡು ಮೂರು ತಿಂಗಳು ಬಿಡದೆ ಮಾಡಿ. ಬೆಳಗಿನ ಬಿಗಿತ ಎಷ್ಟು ಹೊತ್ತು ಇರುತ್ತೆ ಅಂತ ಇಲ್ಲೇ ತಿಳಿಸಿ.